ಕಲ್ಲಿಗೆ ಕೊಟ್ಟ ಅಳತೆ

"ಮುಟ್ಟಬೇಡಪ್ಪಾ ಅದನ್ನ. ಸಾಯೋ ಮುಂಚೆ ನಮ್ಮವರು ಆ ಕಲ್ಲಿಗೆ ಮಾಟ ಮಾಡಿಸಿದಾರೆ, ತಮ್ಮ ಕೆಲಸ ಇನ್ನೊಬ್ಬ ಮುಗಿಸಿ ಹೆಸರು ಮಾಡಬಾರದು ಅಂತ. ಯಾರ ಮುಖದ ಅಳತೆ ಕೊಡ್ತೀಯೋ, ಅವರದನ್ನ ಅದು ಕಿತ್ಕೊಳ್ಳುತ್ತೆ."

ಹಳೆಯ ಶಿಲ್ಪಿಯ ಹೆಂಡತಿ ಶೆಡ್ಡಿನ ಬಾಗಿಲಾಚೆಯೇ ನಿಂತು ಇಷ್ಟು ಹೇಳಿದಳು. ಹೊಸ ಶಿಲ್ಪಿ ನಕ್ಕುಬಿಟ್ಟ.

"ಕಲ್ಲು ಕಿತ್ಕೊಳ್ಳೋದು ನಮ್ಮ ಸೊಂಟ ಒಂದನ್ನೇ, ಅಮ್ಮಾ."

ಪ್ರಾರ್ಥನಾ ಮಂದಿರಕ್ಕೆಂದು ಅರ್ಧ ಕೆತ್ತಿ ಬಿಟ್ಟಿದ್ದ ದೇವದೂತ ಅದು. ರೆಕ್ಕೆಗಳು ಮುಗಿದಿದ್ದವು, ಮುಖವಿರಲಿಲ್ಲ. ಅವನು ಎಂಟು ವರ್ಷದ ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಕ್ಯಾಲಿಪರ್ ಹಿಡಿದು ಅವಳ ಕಿವಿ, ತುಟಿ, ಕಣ್ಣುಗಳ ಅಳತೆ ತೆಗೆದ. ಕಚಗುಳಿಯಾಗಿ ಅವಳು ಕಿಸಕ್ಕನೆ ನಕ್ಕಳು. ತಾಯಿಯಿಲ್ಲದ ಮಗು, ಮನೆಯ ಸದ್ದೆಲ್ಲ ಅವಳದೇ. ಆ ವಟವಟ ಕೇಳದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಕಿವಿ ಕೆತ್ತಿ ಮುಗಿಸಿದ ಸಂಜೆ, ಕರೆದರೆ ಅವಳು ತಿರುಗಲಿಲ್ಲ. ಶೀತಕ್ಕೆ ಕಿವಿ ಕಟ್ಟಿದೆ ಎಂದರು ಡಾಕ್ಟರು. ಅವನೂ ನಂಬಿದ. ಶೆಡ್ಡಿನಲ್ಲಿ ಮಾತ್ರ ಒದ್ದೆ ಸುಣ್ಣದ, ಆರಿದ ಬತ್ತಿಯ ವಾಸನೆ. ಅದರಡಿಯಲ್ಲಿ ಎಲ್ಲೋ ಮಗಳ ತಲೆಗೂದಲ ವಾಸನೆ.

ನಾಲ್ಕನೆಯ ದಿನ ತುಟಿ ಮುಗಿಯಿತು. ಮನೆಗೆ ಬಂದರೆ ಮಗಳು ಬಾಯಿ ತೆರೆದು ಅಳುತ್ತಿದ್ದಾಳೆ. ಸದ್ದೇ ಇಲ್ಲ. ಅವಳನ್ನು ಎತ್ತಿಕೊಂಡು ಆ ಹೆಂಗಸಿನ ಮನೆಗೆ ಓಡಿದ.

"ತಪ್ಪಾಯ್ತಮ್ಮಾ. ಒಡೆದುಹಾಕಲಾ?"

"ಅಯ್ಯೋ, ಒಡೆದ್ರೆ ಮಗೂನೇ ಉಳಿಯಲ್ಲ. ಅಳತೆ ಬದಲಾಯಿಸು. ನಿಂದೇ ಕೊಡು."

ಮಗಳನ್ನು ಅವಳ ಮಡಿಲಿಗೆ ಹಾಕಿ ಶೆಡ್ಡಿಗೆ ಬಂದ. ನಡುಮಧ್ಯಾಹ್ನ. ಆದರೂ ಒಳಗೆ ಕತ್ತಲು. ಕತ್ತಲೊಳಗಿಂದ ಮಗಳದೇ ದನಿ, ಮುದ್ದಾಗಿ:

"ಕಣ್ಣು ಯಾವಾಗಪ್ಪಾ?"

ಅವನು ಉಸಿರು ಬಿಗಿಹಿಡಿದು ತನ್ನ ಮುಖಕ್ಕೆ ಕ್ಯಾಲಿಪರ್ ಒತ್ತಿದ. ಕೈ ತನ್ನ ಅಭ್ಯಾಸದಂತೆ ಕಿವಿಯಿಂದಲೇ ಶುರುಮಾಡಿತು. ಕೆತ್ತಿದ್ದ ಕಿವಿಯ ಮೇಲೆಯೇ ಉಳಿ ಇಳಿಯಿತು. ಚೂರು ಹಾರಿತು. ಇನ್ನೊಂದು. ಮತ್ತೊಂದು. ಸುತ್ತಿಗೆಯ ಸದ್ದು ದೂರವಾಯಿತು. ನಿಂತಿತು. ಅವನು ನಿಲ್ಲಲಿಲ್ಲ. ತುಟಿಗೆ ಬಂದ. ಹೊಡೆದ. ಹೊಡೆದ. ದನಿ ಹೊರಟುಹೋಯಿತು. ಮುಗಿಯಿತು.

ಬಾಗಿಲಲ್ಲಿ ಬೆಳಕು. ಮಗಳು ಓಡಿಬಂದು ಅವನ ಕುತ್ತಿಗೆಗೆ ಜೋತುಬಿದ್ದಳು. ಹಿಂದೆ ಆ ಹೆಂಗಸು ನಗುತ್ತ, ಅಳುತ್ತ, ಮಗುವಿನ ಬಾಯಿಯತ್ತ ಕೈತೋರಿಸುತ್ತಿದ್ದಳು. ಮಗಳ ತುಟಿ ಒಂದೇ ಸಮನೆ ಆಡುತ್ತಿತ್ತು.

ತುಟಿಯಿಂದ ಶುರುಮಾಡಿದ್ದರೆ ಆ ವಟವಟವನ್ನು ಒಂದು ಸಲವಾದರೂ ಕೇಳಿಸಿಕೊಳ್ಳಬಹುದಿತ್ತು.