ಹಸಿರು ಬಣ್ಣದ ಬೋಲ್ಟು

ಊರಲ್ಲೆಲ್ಲ ನನ್ನನ್ನು ಸಂಜೀವಣ್ಣ ಅನ್ನುತ್ತಿದ್ದರು. ನಾಗರತ್ನ ಒಬ್ಬಳೇ "ಮೇಸ್ತ್ರಿ" ಅನ್ನುತ್ತಿದ್ದಳು. ಅವಳ ಬಾಯಲ್ಲಿ "ಅಣ್ಣ" ಯಾಕೆ ಬರಲಿಲ್ಲ ಎಂದು ಆಗಲೇ ಯೋಚಿಸಬೇಕಿತ್ತು. ನನ್ನ ತಲೆಯಲ್ಲಿ ಬುದ್ಧಿ ಎಲ್ಲಿತ್ತು, ಬರೀ ವೈರು ಇತ್ತು.

ಅರವತ್ತೆರಡನೇ ಇಸವಿ. ಶಿರಾದಲ್ಲಿ ಕಡಲೆಕಾಯಿ ಮಂಡಿ ಇಟ್ಟಿದ್ದ ಅವಳಪ್ಪ ಮಲ್ಲಿಕಾರ್ಜುನಯ್ಯನವರು ಮೂವತ್ತು ವರ್ಷದ ಹಳೇ ಕಾರನ್ನು ನನ್ನ ಕೈಲಿ ಹೊಸದು ಮಾಡಿಸುತ್ತಿದ್ದರು. ಪಾವಗಡದ ಗಂಡಿನವರು ಅವಳ ಮದುವೆಗೆ ವರದಕ್ಷಿಣೆಯಾಗಿ ಆ ಕಾರನ್ನೇ ಕೇಳಿದ್ದರು. ಸೋಮವಾರ ಬಂದು ನೋಡುತ್ತಾರೆ. ಓಡಿದರೆ ಲಗ್ನ, ಓಡದಿದ್ದರೆ ಅವರಿಗೆ ಮಧುಗಿರಿಯಲ್ಲಿ ಬೇರೆ ಹೆಣ್ಣು ರೆಡಿ.

ಗುರುವಾರ ಸ್ಟಾರ್ಟರ್ ಒತ್ತಿದರೆ ಟಕ್ ಅಂತು, ಅಷ್ಟೇ. ಕಾಫಿ ತಂದ ನಾಗರತ್ನ ಬಾಗಿ ನೋಡಿದಳು.

"ಬ್ಯಾಟರಿ ಹೊಸದಂತೆ, ಮತ್ಯಾಕೆ ಇಂಗೆ ಮೇಸ್ತ್ರಿ?"

"ಅರ್ತ್ ಸಿಕ್ತಿಲ್ಲ ಕಣಮ್ಮ. ಹೋದ ಕರೆಂಟು ಗಾಡಿ ಕಬ್ಬಿಣದಲ್ಲೇ ಬ್ಯಾಟರಿಗೆ ವಾಪಸ್ ಬರ್ಬೇಕು. ನಿಮ್ಮಪ್ಪಾರು ಮದುವೆ ಸಂಭ್ರಮಕ್ಕೆ ಒಂದು ಬೋಲ್ಟೂ ಬುಡದಂಗೆ ಹಸಿರು ಬಣ್ಣ ಹೊಡೆಸವ್ರೆ. ಬಣ್ಣದೊಳಗೆ ಕರೆಂಟು ಹೋಗಾಕಿಲ್ಲ."

ಅರ್ತ್ ವೈರಿನ ಬೋಲ್ಟು ಬಿಚ್ಚಿ, ಅಡಿಯ ಬಣ್ಣ ಕೆರೆದು ತೋರಿಸಿದೆ. ಕಾರು ಸ್ಟಾರ್ಟ್ ಆಯಿತು. ಅವಳು ನಗಲಿಲ್ಲ, ಕೆರೆದ ಜಾಗವನ್ನೇ ನೋಡುತ್ತಿದ್ದಳು.

ಶುಕ್ರವಾರ ಮತ್ತೆ ಟಕ್. ಬಿಚ್ಚಿದರೆ ಅಡಿಯಲ್ಲಿ ಮತ್ತೆ ಹಸಿರು ಬಣ್ಣ! ಸರಿಯಾಗಿ ಕೆರೆದಿಲ್ಲವೇನೋ ಎಂದು ನನ್ನನ್ನೇ ಬೈದುಕೊಂಡು ಮತ್ತೆ ಕೆರೆದೆ. ಶನಿವಾರವೂ ಅದೇ ಕಥೆ. ಅವತ್ತು ಅವಳ ಬೆರಳ ತುದಿ ಹಸಿರಾಗಿತ್ತು.

"ಏನಮ್ಮ, ಗೋರಂಟಿ ಹಸಿರಿಗೇ ನಿಂತ್ಬುಡ್ತಾ?" ಎಂದು ರೇಗಿಸಿದೆ.

ಅವಳು ನನ್ನ ಕಣ್ಣನ್ನೇ ನೋಡಿದಳು. ರೆಪ್ಪೆ ಇಳಿಸಿ, ಮತ್ತೆ ನೋಡಿದಳು. "ಮೇಸ್ತ್ರಿಗೆ ಏನೂ ಗೊತ್ತಾಗಾಕಿಲ್ಲ," ಎಂದು ಒಳಗೆ ಹೋದಳು. ನನಗೆ ಅವಳೆಂದರೆ ಪ್ರಾಣ. ಆದರೆ ಧಣಿಯ ಮಗಳು, ನನ್ನಂಥವನಿಗೆ ಸಿಕ್ಕಾಳೇ ಎಂದು ಬಾಯಿ ಹೊಲಿದುಕೊಂಡಿದ್ದೆ.

ಭಾನುವಾರವೂ ಕಾರು ಏಳಲಿಲ್ಲ. ಮಂಡಿಯ ಚೌಡಯ್ಯ ಎಲ್ಲರ ಮುಂದೆ ನಕ್ಕ. "ಲೇ ಸಂಜೀವ, ಒಂದು ವೈರು ಕಟ್ಟಾಕೆ ಬರಾಕಿಲ್ವೇನ್ಲಾ?"

ಮೈಯೆಲ್ಲ ಉರಿದುಹೋಯಿತು. ಬೋಲ್ಟೂ ಬೇಡ ಗೀಲ್ಟೂ ಬೇಡ ಎಂದು ವೈರನ್ನು ಕಬ್ಬಿಣಕ್ಕೇ ಬೆಸುಗೆ ಹಾಕಿಬಿಟ್ಟೆ.

ಸೋಮವಾರ ಗಂಡಿನವರೆದುರು ಒಂದೇ ಒತ್ತಿಗೆ ಕಾರು ಸ್ಟಾರ್ಟ್ ಆಯಿತು. ಧಣಿ ನನ್ನ ಬೆನ್ನು ತಟ್ಟಿ ಅವರನ್ನು ಒಳಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ನಾಗರತ್ನ ಹಿತ್ತಲ ಬಾಗಿಲಿಂದ ಬಂದಳು.

"ಆ ವೈರು ಇನ್ನು ಬಿಚ್ಚಾಕಿಲ್ವಾ?"

"ಈ ಜನ್ಮದಲ್ಲಿ ಬಿಚ್ಚಾಕಿಲ್ಲ ಕಣಮ್ಮ!" ಎಂದೆ, ದೊಡ್ಡ ಹೆಮ್ಮೆಯಿಂದ.

ಅವಳ ಕಣ್ಣು ತುಂಬಿತು. "ನೀವು ಬಿಟ್ಟೋದ ಸ್ಪ್ಯಾನರಲ್ಲೇ ಬಿಚ್ಚಿ, ಮೂರು ಸಂಜೆ ನಾನೇ ಬಣ್ಣ ಬಳಿದೆ. ಗಾಡಿ ನಿಲ್ಲಲಿ, ಲಗ್ನ ಮುರೀಲಿ, ನೀವು ದಿನಾ ಬರ್ಲಿ ಅಂತ. ಇಷ್ಟೂ ತಿಳೀಲಿಲ್ವಾ ನಿಮಗೆ?"

ಅಯ್ಯೋ ನನ್ನ ಕರ್ಮವೇ! ಇಕ್ಕಳ ಎತ್ತಿಕೊಂಡೆ. "ನೀನಂದ್ರೆ ನಂಗೂ ಪ್ರಾಣ. ಈಗ್ಲೇ ಕತ್ತರಿಸ್ಬುಡ್ತೀನಿ."

"ಬ್ಯಾಡಿ. ಒಳಗೆ ತಾಂಬೂಲ ಬದಲಾಯ್ಸ್ಕಂಡ್ರು. ಅಪ್ಪ ಮಾತು ಕೊಟ್ಟಾಯ್ತು."

ಆ ಕಾರಿನ ಮರ್ಜಿ ಬಲ್ಲವನು ನಾನೊಬ್ಬನೇ ಎಂದು, ಮದುವೆಯಾದ ಮೇಲೆ ಮದುಮಕ್ಕಳನ್ನು ಪಾವಗಡಕ್ಕೆ ಬಿಟ್ಟುಬರಲು ನನ್ನನ್ನೇ ಕಳಿಸಿದರು. ಎಲ್ಲಾದರೂ ನಿಂತುಬಿಡು ಎಂದು ದಾರಿಯುದ್ದಕ್ಕೂ ಕಾರನ್ನು ಬೇಡಿಕೊಂಡೆ. ಒಂದು ಸಲವೂ ನಿಲ್ಲಲಿಲ್ಲ.

ಗಂಡನ ಮನೆ ಮುಂದೆ ಅವಳು ಇಳಿದಳು. ನನ್ನ ಕಡೆ ನೋಡದೆ, ಮೊದಲ ಸಲ ಹೇಳಿದಳು:

"ಹುಷಾರಾಗಿ ಹೋಗ್ಬನ್ನಿ, ಸಂಜೀವಣ್ಣ."