ಸೊಟ್ಟ ಕೈ ಮುಟ್ಟಿದ ಬ್ರೆಡ್ಡು

"ಆ ಸೊಟ್ಟ ಕೈ ಮುಟ್ಟಿದ ಬ್ರೆಡ್ಡನ್ನ ನಮ್ಮನೆ ನಾಯೀನೂ ಮೂಸಲ್ಲ!"

ನಿದೆಲ್ವಿಯಾಳನ್ನು ನನಗೆ ಹೆಣ್ಣು ಕೇಳಲು ನಾನೂ ಅಮ್ಮನೂ ಮೂರನೆಯ ಸಲ ಹೋಗಿದ್ದೆವು. ಮೂರನೆಯ ಸಲ ತಂದ ಬ್ರೆಡ್ಡು, ಚಾಕೊಲೇಟ್ ಹೆಣ್ಣಿನ ಮನೆಯೊಳಗೆ ಹೋಯಿತೆಂದರೆ ನಮ್ಮ ಯುಕಾತಾನ್ ಸೀಮೆಯಲ್ಲಿ ಮದುವೆ ಗೊತ್ತಾದಂತೆ. ಅವಳ ಅಪ್ಪ ದೋನ್ ಗಾಸ್ಪಾರ್ ನೆಂಟರೆಲ್ಲರ ಎದುರು ಬುಟ್ಟಿಯನ್ನು ಕಾಲಿನಿಂದ ತಳ್ಳಿದ. ಮೂವತ್ತು ವರ್ಷ ಜೋಲಿ ನೇಯ್ದ, ಈಗ ಸೊಟ್ಟಗಾದ ಬೆರಳುಗಳನ್ನು ಅಮ್ಮ ಶಾಲಿನೊಳಗೆ ಬಚ್ಚಿಟ್ಟುಕೊಂಡಳು.

"ಸಂಧಿವಾತ ಅಂಟುಜಾಡ್ಯ ಅಲ್ಲ, ದೋನ್ ಗಾಸ್ಪಾರ್," ಎಂದೆ.

"ಅಂಟೋದ್ಯಾಕೋ ಆಬುಂದಿಯೋ, ನಿನ್ನ ರಕ್ತದಲ್ಲೇ ಇದೆಯಲ್ಲ! ಊರವರ ರಕ್ತ ತಗೊಂಡು ಹೋದ ಡಾಕ್ಟರು ಕಳಿಸಿದ ಚೀಟಿನ ನೀನೇ ಊರಿಗೆಲ್ಲ ಓದಿ ಹೇಳಿದೆಯಂತೆ. ನಾಳೆ ನನ್ನ ಮಗಳು ರೊಟ್ಟಿ ಮುರಿದು ನಿನ್ನ ಬಾಯಿಗಿಡಬೇಕಾ?"

"ಉಂಗುರನಾದ್ರೂ ನಾಳೆ ಇವನ ಬೆರಳಿನ ಗಂಟು ದಾಟುತ್ತೋ ಇಲ್ವೋ!" ಎಂದಳು ನಿದೆಲ್ವಿಯಾಳ ಸೋದರತ್ತೆ. ಎಲ್ಲರೂ ಹಲ್ಲು ಕಿರಿದರು.

ಚೀಟಿಯಲ್ಲಿ ಇದ್ದದ್ದಿಷ್ಟೇ. ವಂಶವಾಹಿಯಲ್ಲಿ ಒಂದು ಗುರುತಿದೆ, ರೋಗ ಬರಬಹುದು. ಆದರೆ ಗುರುತಿದ್ದವರಲ್ಲಿ ಹೆಚ್ಚಿನವರಿಗೆ ಬರುವುದೇ ಇಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೇ ಅರ್ಥವಾಗಿತ್ತು.

ಹೋದ ತಿಂಗಳು ಬಾವಿಯ ಹಿಂದೆ ಕೂತು ನಾನೂ ನಿದೆಲ್ವಿಯಾಳೂ ನಮ್ಮ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದೆವು. ಅವಳದರಲ್ಲೂ ಅದೇ ಗುರುತು.

"ನೋಡು, ರಕ್ತದಲ್ಲೂ ನಾವು ಜೋಡಿನೇ," ಎಂದು ಕಣ್ಣು ಕಿರಿದು ಮಾಡಿ ನಕ್ಕಿದ್ದಳು. ನನ್ನ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಒಂದೊಂದಕ್ಕೂ ಮುತ್ತಿಟ್ಟಿದ್ದಳು. ಆಮೇಲೆ ತನ್ನ ಚೀಟಿಯನ್ನು ಹಿತ್ತಿಲ ಒಲೆಗೆ ಹಾಕಿದ್ದಳು. "ಅಪ್ಪಂಗೆ ಹೇಳ್ಬೇಡ ಕಣೋ."

"ನಮ್ಮ ವಂಶದ ರಕ್ತ ತಿಳಿನೀರು," ದೋನ್ ಗಾಸ್ಪಾರ್ ಈಗ ಮೀಸೆ ತಿರುವಿಕೊಂಡ. "ಅಲ್ವೇನೇ ಮಗಳೇ?"

ಬಾಗಿಲಲ್ಲಿ ನಿಂತಿದ್ದ ಅವಳು ನನ್ನನ್ನು ನೋಡಿದಳು. ಆಮೇಲೆ ನೆಲ ನೋಡಿದಳು.

"ಹೂಂ, ಅಪ್ಪ."

ಅವಳ ಚೀಟಿಯ ಬಗ್ಗೆ ಒಂದೇ ಮಾತು ಸಾಕಿತ್ತು, ಆ ಮೀಸೆ ಮಣ್ಣಾಗುತ್ತಿತ್ತು. ಆದರೆ ಅವಳನ್ನು ಕೇಳಿಕೊಂಡು ಇನ್ನು ಯಾವನೂ ಆ ಬಾಗಿಲಿಗೆ ಬರುತ್ತಿರಲಿಲ್ಲ. ಆ ಮಾತನ್ನು ನುಂಗಿ, ಬುಟ್ಟಿ ಎತ್ತಿಕೊಂಡು ಅಮ್ಮನೊಂದಿಗೆ ಹೊರಬಂದೆ.

ಅಂಗಳದ ಕಲ್ಲುಗೋಡೆಯ ಹತ್ತಿರ ಅವಳು ಓಡಿಬಂದಳು. ಏದುಸಿರು, ಕೆನ್ನೆಗಂಟಿದ ಕೂದಲು. ಆಗಲೂ ಎಷ್ಟು ಚೆಂದ, ಥೂ!

"ನೀನು ಹೇಳಲ್ಲ ಅಂತ ಗೊತ್ತಿತ್ತು. ನನ್ನ ಚಿನ್ನ ನೀನು," ನನ್ನ ಕೈ ಹಿಡಿದು ಪಿಸುಗುಟ್ಟಿದಳು. "ಅಪ್ಪನ ಕೋಪ ಇಳೀಲಿ, ಮುಂದಿನ ತಿಂಗಳು ಇನ್ನೊಂದ್ಸಲ ಬಾ. ನಿಮ್ಮಮ್ಮನ್ನ ಮಾತ್ರ ಕರ್ಕೊಂಡು ಬರ್ಬೇಡ. ಆಯ್ತಾ?"

ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದ ಅಮ್ಮನಿಗೆ ಕೇಳಿಸಿತು.

ಬೆಚ್ಚಗಿದ್ದ ಅವಳ ಕೈಯನ್ನು ಬಿಡಿಸಿ ಗೋಡೆಯ ಕಲ್ಲಿನ ಮೇಲಿಟ್ಟೆ.

"ಏನಾದ್ರೂ ಹೇಳೋ, ಆಬುಂದಿಯೋ..."

ಅಮ್ಮನ ತೋಳು ಹಿಡಿದು, ಅವಳ ಮಂಡಿಗೆ ಆಗುವಷ್ಟು ನಿಧಾನವಾಗಿ, ನಡೆಯತೊಡಗಿದೆ.