ಮಗ್ಗ ನಿಂತಾಗ

“ಖೋ!”

ಸೃಷ್ಟಿ ಎದ್ದು ಓಡಿದಳು. ಅವಳ ಪಕ್ಕದ ಚೌಕದಲ್ಲಿ ಪೂರ್ಣಿಮಾ ಕುಕ್ಕರಗಾಲಲ್ಲಿ ಕೂತು ತನ್ನ ಸರದಿಗೆ ಕಾಯುತ್ತಿದ್ದಳು. ಶಾಲೆಯ ಗೋಡೆಯಾಚೆ ಬೆಳಗಾವಿಯ ವಡಗಾವಿ ಓಣಿಯ ಕರೆಂಟ್ ಮಗ್ಗಗಳು ದಿನದಂತೆ ಖಟಖಟ ಎನ್ನುತ್ತಿದ್ದವು.

ಅಷ್ಟರಲ್ಲಿ ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು.

ಪೂರ್ಣಿಮಾಳ ಎದೆ ಡಬಡಬ ಹೊಡೆದುಕೊಂಡಿತು. ಅಂಗೈ ಬೆವರಿತು. ಯಾರೂ ‘ಖೋ’ ಅಂದಿರಲಿಲ್ಲ. ಆದರೂ ಅವಳು ಎದ್ದಳು, ಮೈದಾನ ದಾಟಿದಳು, ಗೇಟಿನಿಂದ ಹೊರಗೆ ಓಡಿದಳು.

“ಕರೆಂಟ್ ಹೋತು, ಪೂರ್ಣಿ ಹೋದ್ಳು,” ಎಂದು ಅವಳ ಕ್ಲಾಸಿನ ಅನಿಕೇತ ಹಿಂದಿನಿಂದ ರಾಗ ಎಳೆದ. ಎಲ್ಲರೂ ನಕ್ಕರು.

ಮನೆಯ ಹೊಸ್ತಿಲ ಮೇಲೆ ಅವ್ವ ಗಂಗಾದೇವಿ ಗಾಳಿಗೆ ಕೂತಿದ್ದಳು. ಪೂರ್ಣಿಮಾ ಮೊದಲು ನೋಡಿದ್ದು ಅವ್ವನ ಕೈಗಳನ್ನು. ಎರಡೂ ಸರಿಯಾಗಿದ್ದವು.

“ಯಾಕಬೇ, ಸಾಲಿ ಬಿಡ್ತೇನ?”

“ಇಲ್ಲ. ನೀರು ಕುಡ್ಯಾಕ ಬಂದೆ.”

“ಸಾಲ್ಯಾಗ ನೀರಿಲ್ಲೇನ?”

“ಅಲ್ಲೀದು ಬೆಚ್ಚಗ ಇರ್ತೈತಿ,” ಎಂದು ಪೂರ್ಣಿಮಾ ಒಳಗೆ ಹೋಗಿ ಬೇಡದಿದ್ದರೂ ಒಂದು ತಂಬಿಗೆ ನೀರು ಕುಡಿದಳು.

ವಾಪಸ್ ಹೋದಾಗ ಸಂಜಯ ಸರ್ ಗೇಟಿನಲ್ಲೇ ನಿಂತಿದ್ದರು. ಅವರು ಆಟ ಕಲಿಸುವ ಸರ್. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

“ಪೂರ್ಣಿಮಾ, ಟೀಮಿನ್ಯಾಗ ನಿನ್ನಷ್ಟು ಜೋರ ಓಡಾವ್ರು ಯಾರೂ ಇಲ್ಲ. ಆದ್ರ ಮುಂದಿನ ತಿಂಗಳು ಖಾನಾಪುರದಾಗ ಮ್ಯಾಚ್. ಅಲ್ಲಿ ಖೋ ಅನ್ನೂಕಿಂತ ಮೊದಲ ಎದ್ರ ಫೌಲ್. ಮೈದಾನ ಬಿಟ್ಟು ರಸ್ತೆಕ್ಕ ಓಡಿದಿ ಅಂದ್ರ ಗಾಡಿ-ಮೋಟರು ಇರ್ತಾವು. ನಿಮ್ಮ ಅಪ್ಪಗ ನಾ ಏನ ಹೇಳ್ಲಿ?”

“ನಾ ಬೇಕಂತ ಏಳಂಗಿಲ್ರಿ ಸರ್. ಕಾಲು ತಾವ ಏಳ್ತಾವ.”

ಸರ್ ಅವಳ ಕಾಲುಗಳ ಕಡೆ ನೋಡಿದರು. “ಇನ್ನೊಂದೀಟು ದಿನ ನೋಡ್ತೀನಿ. ಆಗದಿದ್ರ ನಿನ್ನ ಬದಲಿ ಬ್ಯಾರೇದಾಕಿನ್ನ ಕರ್ಕೊಂಡು ಹೋಗಬೇಕಾಕ್ಕೈತಿ.”

ಪೂರ್ಣಿಮಾ ಹಿಂದೆ ಹೀಗಿರಲಿಲ್ಲ. ಮಗ್ಗದ ಸದ್ದಿನಲ್ಲೇ ತೊಟ್ಟಿಲಲ್ಲಿ ಮಲಗಿದವಳು ಅವಳು. ಮಗ್ಗ ನಿಂತರೆ ‘ಕರೆಂಟ್ ಹೋಗಿರಬೇಕು’ ಅಂದುಕೊಂಡು ಆಡಲು ಹೋಗುತ್ತಿದ್ದಳು.

ಹೋದ ದೀಪಾವಳಿಗೆ ಮುಂಚೆ ಅವ್ವನ ಸೆರಗು ಮಗ್ಗದ ಬೆಲ್ಟಿಗೆ ಸಿಕ್ಕಿತು. ಅಪ್ಪ ಶಶಿಧರ ಓಡಿಹೋಗಿ ಮನೆಯ ಎರಡೂ ಮಗ್ಗ ಬಂದ್ ಮಾಡಿದ. ಹೊರಗಿನ ಕೋಣೆಯಲ್ಲಿ ಹೋಮ್‌ವರ್ಕ್ ಬರೆಯುತ್ತಿದ್ದ ಪೂರ್ಣಿಮಾಗೆ ಮೊದಲು ಕೇಳಿಸಿದ್ದು ಮಗ್ಗಗಳು ನಿಂತದ್ದು. ಆಮೇಲೆ ಅವ್ವ ಕೂಗಿದ್ದು.

ಅವ್ವನ ಕೈ ಮುರಿದಿತ್ತು. ಪಟ್ಟಿ ಹಾಕಿದರು, ಬಿಚ್ಚಿದರು, ಕೈ ಕೂಡಿಕೊಂಡಿತು. ಅವ್ವ ಮತ್ತೆ ನೇಯಲು ಶುರು ಮಾಡಿದಳು. ಮನೆಯಲ್ಲಿ ಎಲ್ಲರೂ ಆ ಮಾತು ಮರೆತಂತೆ ಇದ್ದರು. ಅದಕ್ಕೇ ಪೂರ್ಣಿಮಾ ತನ್ನ ಹೆದರಿಕೆಯನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅವ್ವ ತನ್ನಿಂದಲೇ ಆಯಿತು ಎಂದು ಅಳುತ್ತಾಳೆ ಅನ್ನಿಸುತ್ತಿತ್ತು.

ಹೇಳಿದವಳು ಸೃಷ್ಟಿ. ಸಂಜೆ ಚುರುಮುರಿ ತಿನ್ನಲು ಬಂದವಳು ಬಾಯ್ತುಂಬ ಚುರುಮುರಿ ಇಟ್ಟುಕೊಂಡೇ ಅವ್ವನಿಗೆ ಹೇಳಿಬಿಟ್ಟಳು.

“ಕಾಕು, ಇಕಿ ನೀರು ಕುಡ್ಯಾಕ ಬರಂಗಿಲ್ರಿ. ಮಗ್ಗ ನಿಂತ್ರ ಹೆದರಿ ಓಡಿ ಬರ್ತಾಳ್ರಿ. ಸರ್ ಟೀಮಿಂದ ತಗೀತೀನಿ ಅಂದಾರು.”

ಪೂರ್ಣಿಮಾ ಅವಳನ್ನು ಚಿವುಟಿದಳು.

“ನೋಡ್ರಿ, ಚೂಟಾಕತ್ಯಾಳ,” ಎಂದಳು ಸೃಷ್ಟಿ.

ಅವ್ವ ಅಳಲಿಲ್ಲ. ತನ್ನ ಕೈಯನ್ನೊಮ್ಮೆ ನೋಡಿಕೊಂಡಳು. ಮರುದಿನ ಪೂರ್ಣಿಮಾಳನ್ನು ಎಲ್ಲರೂ ‘ಡಾಕ್ಟರ್ ಬಾಯಿ’ ಎಂದು ಕರೆಯುವ ಶಿವಬಸವ ನಗರದ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರ್ ಎದೆ ನೋಡಿದರು, ಕಣ್ಣು ನೋಡಿದರು, ನಿದ್ದೆಯ ಬಗ್ಗೆ ಕೇಳಿದರು. ಅವ್ವನ ಕೈ ಮುರಿದ ದಿನದ ಕತೆಯನ್ನೂ ಕೇಳಿದರು.

“ಎದಿ ಗಟ್ಟಿ ಐತ್ರಿ,” ಎಂದರು. “ಕೆಲವು ಮಕ್ಕಳು ಹುಟ್ಟಿದಾಗಿಂದ್ಲ ಲಗೂನ ಬೆಚ್ಚತಾರ. ನಿದ್ದಿ ಸಾಲದಿದ್ರೂ ಹಿಂಗಾಕ್ಕೈತಿ. ಇಕಿಗೆ ಆ ದಿನದ ಹೆದರಿಕಿ ಮೈಯಾಗ ಉಳದೈತಿ ಅನಸ್ತೈತಿ. ಅವತ್ತು ಮಗ್ಗ ನಿಂತಾಗ ಖರೇನ ಅಪಾಯ ಇತ್ತು. ಈಗ ಇಲ್ಲಂತ ತಲಿಗೆ ಗೊತ್ತೈತಿ. ಮೈಗೆ ಇನ್ನೂ ಗೊತ್ತಾಗಿಲ್ಲ.”

“ಅಂದ್ರ ನಂಗ ಹುಚ್ಚು ಹಿಡದಿಲ್ರಿ?” ಪೂರ್ಣಿಮಾ ಮೆಲ್ಲಗೆ ಕೇಳಿದಳು. ಬಹಳ ದಿನದಿಂದ ಕೇಳಬೇಕೆಂದಿದ್ದ ಪ್ರಶ್ನೆ ಅದು.

“ಇಲ್ಲವಾ. ನಿನ್ನ ಮೈ ನಿನ್ನನ್ನ ಕಾಯಾಕತ್ತೈತಿ. ಸ್ವಲ್ಪ ಜಾಸ್ತಿನ ಕಾಯಾಕತ್ತೈತಿ, ಅಷ್ಟ. ಹೆದರಿಕಿ ಬಂದಾಗ ಉಸುರು ಸಾವಕಾಶ ಬಿಡು. ತಗೊಳ್ಳೂದಕ್ಕಿಂತ ಬಿಡೂದು ಉದ್ದ ಇರ್ಲಿ. ಕಡಿಮಿ ಆಗದಿದ್ರ ಮತ್ತ ಬರ್ರಿ, ಮಕ್ಕಳ ಕೂಡ ಇದರ ಬಗ್ಗೆನ ಮಾತಾಡೋ ಡಾಕ್ಟರ್ ಅದಾರ.”

ಮನೆಗೆ ಬಂದಾಗ ಅಪ್ಪ ಎಲ್ಲ ಕೇಳಿಸಿಕೊಂಡು ತಾನೇ ಒಂದು ಉಪಾಯ ಹುಡುಕಿದ.

“ಮಗ್ಗ ನಿಂತ್ರ ತಾನ ತ್ರಾಸು? ನಮ್ಮ ಮನ್ಯಾಗ ಎರಡೂ ಮಗ್ಗ ಕೂಡಿ ನಿಂದರೂದ ಬ್ಯಾಡ.”

ಅವತ್ತಿನಿಂದ ಅಪ್ಪ ಉಣ್ಣುವಾಗ ಅವ್ವ ನೇಯ್ದಳು, ಅವ್ವ ಉಣ್ಣುವಾಗ ಅಪ್ಪ ನೇಯ್ದ. ಪೂರ್ಣಿಮಾಗೆ ನಿದ್ದೆ ಹತ್ತುವವರೆಗೂ ಒಂದಾದರೂ ಮಗ್ಗ ಓಡುತ್ತಲೇ ಇತ್ತು. ಪಕ್ಕದ ಮನೆಯ ಸಾತವ್ವಜ್ಜಿ ಚಹಾಕ್ಕೆ ಬಂದವಳು, “ನಿಮ್ಮ ಮನ್ಯಾಗ ಒಂದು ಕಪ್ ಚಾ ಕುಡ್ಯೂದ್ರಾಗ ನನ್ನ ಗಂಟ್ಲ ಹರೀತೈತಿ,” ಎಂದು ಕೂಗಿ ಹೇಳಿ ಎದ್ದು ಹೋದಳು.

ಮೊದಮೊದಲು ಪೂರ್ಣಿಮಾಗೆ ಖುಷಿಯಾಯಿತು. ಆಮೇಲೆ ಅವಳು ದಿನವೆಲ್ಲ ಆ ಸದ್ದಿಗೇ ಕಿವಿ ಕೊಟ್ಟು ಕೂರತೊಡಗಿದಳು. ಈಗ ನಿಲ್ಲುತ್ತದೋ, ಆಗ ನಿಲ್ಲುತ್ತದೋ. ಶಾಲೆಯಲ್ಲಿ ಮತ್ತೆ ಕರೆಂಟ್ ಹೋದಾಗ ಹಿಂದೆಂದಿಗಿಂತ ಜೋರಾಗಿ ಓಡಿದಳು. ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು. ಅನಿಕೇತ ಅದನ್ನು ತಂದುಕೊಟ್ಟ. ಈ ಸಲ ರಾಗ ಎಳೆಯಲಿಲ್ಲ. “ಮಾರಿ ಬೆಳ್ಳಗ ಆಗೇತಲೇ ನಿಂದು,” ಎಂದಷ್ಟೇ ಹೇಳಿದ.

ಒಂದು ಸಂಜೆ ಅವ್ವನ ಮಗ್ಗ ನಿಂತಿತು. ಶುರು ಮಾಡಿದರೆ ಮತ್ತೆ ನಿಂತಿತು. ಅಪ್ಪನ ಮಗ್ಗ ಓಡುತ್ತಿದ್ದುದರಿಂದ ಪೂರ್ಣಿಮಾ ಧೈರ್ಯ ಮಾಡಿ ಹತ್ತಿರ ಹೋದಳು.

“ಎಳಿ ಹರೀತೇನ?”

“ಇಲ್ಲ. ನೋಡಿಲ್ಲಿ.” ಅವ್ವ ಮುಳ್ಳಿನಂಥ ಒಂದು ಸಣ್ಣ ತಂತಿ ತೋರಿಸಿದಳು. “ಎಳಿ ಹರದ್ರ ಇದಕ್ಕ ತಿಳೀತೈತಿ. ಮಗ್ಗ ನಿಂದರಸ್ತೈತಿ. ಈಗ ಇದು ಸ್ವಲ್ಪ ಬಾಗೇತಿ. ಹರಿಯದಿದ್ರೂ ಹರೀತು ಅಂತ ನಿಂದರಸ್ತೈತಿ.”

“ಕಿತ್ತ ಒಗದ್ರ?”

“ಖರೇನ ಹರದಾಗ ಯಾರು ಹೇಳಾವ್ರು? ನೇಯ್ದ ಅರಿವಿ ಎಲ್ಲಾ ಹಾಳಾಕ್ಕೈತಿ.”

ಅವ್ವ ಇಕ್ಕಳದಿಂದ ತಂತಿಯನ್ನು ಒಂದಿಷ್ಟೇ ಸರಿಪಡಿಸಿದಳು. ಶುರು ಮಾಡಿದಳು. ನಿಂತಿತು. ಇನ್ನೊಂದಿಷ್ಟು ಸರಿಪಡಿಸಿದಳು. ಆಮೇಲೆ ಇಕ್ಕಳ ಕೆಳಗಿಟ್ಟು ಮಗಳನ್ನೇ ನೋಡಿದಳು.

“ರೀ,” ಎಂದು ಅಪ್ಪನಿಗೆ ಕೂಗಿ ಹೇಳಿದಳು, “ಆ ಮಗ್ಗಾನೂ ಬಂದ್ ಮಾಡ್ರಿ.”

“ಮಗಳು ಇಲ್ಲೇ ಅದಾಳ.”

“ಅದಕ್ಕ ಹೇಳಾಕತ್ತೇನಿ.”

ಅಪ್ಪ ಹಿಂದೆ ಮುಂದೆ ನೋಡಿ ಸ್ವಿಚ್ ಒತ್ತಿ, ಆರುತ್ತಿದ್ದ ಚಹಾದ ಕಪ್ಪು ಕೈಗೆತ್ತಿಕೊಂಡ. ಮನೆ ಮೌನವಾಯಿತು.

ಪೂರ್ಣಿಮಾಳ ಎದೆ ಹೊಡೆದುಕೊಂಡಿತು. ಕಾಲುಗಳು ಬಾಗಿಲ ಕಡೆ ತಿರುಗಿದವು. ಅವ್ವ ಅವಳ ಕೈ ಹಿಡಿದು ನೆಲದ ಮೇಲೆ ಕೂರಿಸಿಕೊಂಡಳು.

“ಓಡಬೇಕನಸ್ತೈತೇನ?”

“ಹ್ಞೂಂ.”

“ಅನಸ್ಲಿ. ಡಾಕ್ಟರ್ ಬಾಯಿ ಹೇಳ್ದಂಗ ಉಸುರು ಬಿಡು. ನಾ ಎಲ್ಲಿ ಅದೀನಿ?”

“ಇಲ್ಲೇ.”

“ಮಗ್ಗ ಯಾಕ ನಿಂತಾವು?”

“ಅಪ್ಪ ಬಂದ್ ಮಾಡ್ಯಾನ.”

“ಈಗ ಏನ ಕೇಳಸ್ತೈತಿ?”

ಪೂರ್ಣಿಮಾ ಕಿವಿಗೊಟ್ಟಳು. ಓಣಿಯಾಚೆ ಯಾರದೋ ಮಗ್ಗ. ಪಕ್ಕದ ಮನೆಯಲ್ಲಿ ಮಿಕ್ಸಿ. ಮಾಡಿನ ಮೇಲೆ ಪಾರಿವಾಳ. “ಅಪ್ಪ ಚಾ ಸುರ್ ಅನ್ನೂದು ಕೇಳಸ್ತೈತಿ,” ಎಂದಳು.

ಅಪ್ಪ ಕಪ್ಪು ಕೆಳಗಿಟ್ಟ. ಅವ್ವ ನಕ್ಕಳು. ಪೂರ್ಣಿಮಾಗೂ ಸ್ವಲ್ಪ ನಗು ಬಂತು. ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು, ಆದರೆ ಮೊದಲಿನಷ್ಟು ಜೋರಾಗಿ ಅಲ್ಲ.

“ನಿಂಗೊಂದು ಮಾತು ಹೇಳ್ತೀನಿ,” ಎಂದಳು ಅವ್ವ. “ಸ್ವಿಚ್ ಒತ್ತೂ ಮುಂದ ನನ್ನ ಕೈಯೂ ನಡಗ್ತೈತಿ. ಸೆರಗು ಸೊಂಟಕ್ಕ ಸಿಗಸೀನೋ ಇಲ್ಲೋ ಅಂತ ಮತ್ತ ಮತ್ತ ಮುಟ್ಟಿ ನೋಡ್ಕೋತೀನಿ.”

“ನೀ ದೊಡ್ಡಾಕಿ ಅಲಾ?”

“ಮೈಗೆ ಅದೆಲ್ಲಿ ತಿಳೀತೈತಿ?”

ಅವ್ವ ಇದನ್ನು ಅವಳಿಂದ ಮುಚ್ಚಿಟ್ಟಿದ್ದಳು, ಅವಳು ತನ್ನದನ್ನು ಅವ್ವನಿಂದ ಮುಚ್ಚಿಟ್ಟಿದ್ದಳು. ಪೂರ್ಣಿಮಾ ಅವ್ವನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

ಆಮೇಲೆ ದಿನಾ ಸಂಜೆ ಎರಡೂ ಮಗ್ಗ ನಿಲ್ಲಿಸಿ ಮೂವರೂ ಕೂರತೊಡಗಿದರು. ಕೆಲವು ದಿನ ಸುಲಭವಾಗುತ್ತಿತ್ತು. ಕೆಲವು ದಿನ ಆಗುತ್ತಿರಲಿಲ್ಲ. ಒಂದು ಸಲ ಅವಳು ಹೊಸ್ತಿಲವರೆಗೆ ಓಡಿ, ಅಲ್ಲಿಂದ ತಾನೇ ತಿರುಗಿ ಬಂದಳು. ಶಾಲೆಯಲ್ಲಿ ಕರೆಂಟ್ ಹೋದಾಗ ಒಮ್ಮೆ ಎದ್ದು ನಿಂತಳು, ಆದರೆ ಗೇಟು ದಾಟಲಿಲ್ಲ. ಸಂಜಯ ಸರ್ ಅದನ್ನು ನೋಡಿದರು. ಅವಳಿಗೂ ಖಾನಾಪುರದ ಮ್ಯಾಚಿನ ಜರ್ಸಿ ಕೊಟ್ಟರು.

ಖಾನಾಪುರದ ಮೈದಾನದಲ್ಲಿ ಜನವೋ ಜನ. ಮೈಕಿನವನು ಒಂದು ಮಾತು ಕನ್ನಡದಲ್ಲಿ, ಒಂದು ಮಾತು ಮರಾಠಿಯಲ್ಲಿ ಹೇಳುತ್ತಿದ್ದ. ಅವನ ಹಿಂದೆ ಜನರೇಟರ್ ಧಡಧಡ ಎನ್ನುತ್ತಿತ್ತು. ಸಾಲಿನಲ್ಲಿ ಕೂತ ಪೂರ್ಣಿಮಾಗೆ ಆ ಸದ್ದು ಹಿತವಾಗಿತ್ತು.

ಆಟ ಮುಗಿಯಲು ಸ್ವಲ್ಪವೇ ಹೊತ್ತು ಉಳಿದಿತ್ತು. ಇನ್ನೊಬ್ಬಳನ್ನು ಔಟ್ ಮಾಡಿದರೆ ಗೆಲುವು. ಸೃಷ್ಟಿ ಬೆನ್ನಟ್ಟುತ್ತಿದ್ದಳು.

ಧಡಧಡ ಸದ್ದು ಒಮ್ಮೆಲೇ ನಿಂತಿತು. ಮೈಕೂ ಸತ್ತುಹೋಯಿತು.

ಪೂರ್ಣಿಮಾಳ ಎದೆ ಹೊಡೆದುಕೊಂಡಿತು. ಅಂಗೈ ಬೆವರಿತು. ಹಿಮ್ಮಡಿಗಳು ನೆಲದಿಂದ ಮೇಲೆದ್ದವು. ಅವ್ವ ಇಲ್ಲಿರಲಿಲ್ಲ. ಕೈ ಹಿಡಿಯಲು ಯಾರೂ ಇರಲಿಲ್ಲ.

ಅವಳು ಉಸಿರನ್ನು ಉದ್ದಕ್ಕೆ ಬಿಟ್ಟಳು. ಯಾಕೆ ನಿಂತಿತು? ತಲೆ ಅಲುಗಿಸದೆ ಕಣ್ಣು ಮಾತ್ರ ಹೊರಳಿಸಿದಳು. ಜನರೇಟರ್ ಹತ್ತಿರ ಒಬ್ಬಾತ ಕ್ಯಾನ್ ಹಿಡಿದು, “ಡಿಸೇಲ್ ಖಾಲಿ ಆತಲೇ,” ಎಂದು ಇನ್ನೊಬ್ಬನ ಮೇಲೆ ರೇಗುತ್ತಿದ್ದ.

ಡೀಸೆಲ್ಲು. ಅಷ್ಟೇ.

ಎದೆ ಅದನ್ನು ಕೂಡಲೇ ನಂಬಲಿಲ್ಲ, ಹೊಡೆದುಕೊಳ್ಳುತ್ತಲೇ ಇತ್ತು. ಹೊಡೆದುಕೊಳ್ಳಲಿ ಎಂದು ಪೂರ್ಣಿಮಾ ಕೂತೇ ಇದ್ದಳು.

“ಖೋ!”

ಬೆನ್ನಿಗೆ ಸೃಷ್ಟಿಯ ಅಂಗೈ ಬಿತ್ತು. ಪೂರ್ಣಿಮಾ ಚಿಮ್ಮಿದಳು. ಎದುರಿನ ಹುಡುಗಿ ಕಂಬದ ಕಡೆ ತಿರುಗುವಷ್ಟರಲ್ಲಿ ಅವಳ ಭುಜ ಮುಟ್ಟಿಯಾಗಿತ್ತು.

ಬೆಳಗಾವಿಗೆ ಮರಳುವ ಬಸ್ಸಿನಲ್ಲಿ ಎಲ್ಲರೂ ಹಾಡಿ ಹಾಡಿ ಸುಸ್ತಾಗಿದ್ದರು. ಸೃಷ್ಟಿ ಪೂರ್ಣಿಮಾಳ ಭುಜಕ್ಕೆ ಒರಗಿ ಕೇಳಿದಳು.

“ಜನರೇಟರ್ ನಿಂತಾಗ ನಿಂಗ ಹೆದರಿಕಿ ಆಗ್ಲಿಲ್ಲೇನ?”

“ಆತು.”

“ಮತ್ತ ಹೆಂಗ ಕುಂತಿ?”

ಪೂರ್ಣಿಮಾ ಯೋಚಿಸಿದಳು. ಕಿಟಕಿಯ ಗಾಳಿ ಮುಖಕ್ಕೆ ತಂಪಾಗಿ ಹೊಡೆಯುತ್ತಿತ್ತು.

“ಅದು ಬಂತು,” ಎಂದಳು. “ನಾ ಕುಂತಿದ್ದೆ. ಆಮ್ಯಾಲೆ ಅದ ಹೋತು.”